ವಾಸಿಯಾದವರ ಪಟ್ಟಿ

ಬೆರಳಿಗೆ ಮಿಷನ್ ಸೂಜಿ ಹೊಕ್ಕಿದ್ದ ದರ್ಜಿ ಆಸ್ಪತ್ರೆಯ ಬೆಂಚಿನಲ್ಲಿ ನೋವು ನುಂಗಿಕೊಂಡು ಕೂತಿದ್ದ. ಪಕ್ಕದಲ್ಲಿ ಇಬ್ಬರು ಹೆಂಗಸರು, ವರ್ಷಗಟ್ಟಲೆ ಬಿಡದ ಸುಸ್ತಿನ ರೋಗಿಗಳು. ಹಿರಿಯಳು ತಾವಿಬ್ಬರೂ ಸೇರಿದ್ದ ಸಂಶೋಧನೆಯ ವರದಿ ಬಿಡಿಸಿದಳು.

"ನೋಡೇ, ದಿನಾ ನಡೆದ್ರೆ ನೂರಕ್ಕೆ ಎಂಬತ್ತು ಜನಕ್ಕೆ ವಾಸಿಯಂತೆ."

"ನಡೆದು ನಡೆದು ಹಾಸಿಗೆ ಹಿಡಿದವ್ರು, ಅಕ್ಕಾ?"

"ಅರ್ಧಕ್ಕೆ ಬಿಟ್ಟವರನ್ನ ಸೇರಿಸೇ ಇಲ್ಲ."

"ಹಾಗಾದ್ರೆ ನಾನು ಲೆಕ್ಕಕ್ಕಿಲ್ಲ."

"ನಾನಿದ್ದೀನಿ ಕಣೆ, ವಾಸಿಯಾದವರ ಪಟ್ಟಿಯಲ್ಲಿ. ಕೊನೇ ದಿನ ಹಲ್ಲು ಕಚ್ಚಿಕೊಂಡು ಆರು ನಿಮಿಷ ನಡೆದೆ, ವಾಸಿ ಅಂತ ಬರ್ಕೊಂಡ್ರು. ಆಮೇಲೆ ಹದಿನೈದು ದಿನ ಬಾಚಣಿಗೆ ಎತ್ತೋಕಾಗಲಿಲ್ಲ. ಅದನ್ನ ಯಾರೂ ಕೇಳಲಿಲ್ಲ."

"ನೀವಾದ್ರೂ ಹೇಳಬಾರದಿತ್ತಾ?"

"ಫೋನ್ ಎತ್ತೋಕೂ ತ್ರಾಣ ಇರಲಿಲ್ಲ."

ನರ್ಸ್ ಹೆಸರು ಕೂಗಿದಳು. ಹಿರಿಯಳು ಎದ್ದವಳೇ ಕುಸಿದಳು. ಲೆಕ್ಕಕ್ಕಿಲ್ಲದವಳು ವಾಸಿಯಾದವಳ ತೋಳು ಹಿಡಿದು ಎಬ್ಬಿಸಿದಳು. ಬಾಗಿಲು ಹತ್ತೇ ಹೆಜ್ಜೆ. ಇಬ್ಬರೂ ಎರಡು ಸಲ ನಿಂತರು.