ಮಕ್ಕಳಿಲ್ಲದವರಿಗೆ ಮಾತ್ರ

ಪರದೇಶದ ಆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಎಲ್ಲರೂ ಬಳಸುವ ವಾಷಿಂಗ್ ಮಷೀನಿನ ಪಕ್ಕ ನಿಂತು ಅವಳು ದುಪ್ಪಟಿ ಮಡಿಸುತ್ತಿದ್ದಳು. ಅವಳ ಮನೆಯ ಮೇಲಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಗಂಡ ಹೆಂಡತಿ ಒಳಗೆ ಬಂದರು. ಇಲ್ಲಿ ಯಾರಿಗೆ ಅರ್ಥವಾಗಬೇಕು ಎಂಬ ಧೈರ್ಯದಲ್ಲಿ ಕನ್ನಡದಲ್ಲೇ ಮಾತು ನಡೆದಿತ್ತು.

“ಪುಟ್ಟಿಯ ಮಂಚ ಕಿಟಕಿ ಹತ್ರ ಹಾಕೋಣ ರೀ. ಬರೋ ತಿಂಗಳು ಅಕ್ಕ ಊರಿಂದ ಅವಳನ್ನ ಕರ್ಕೊಂಡು ಬರ್ತಾಳಲ್ಲ.”

“ಮಂಚ ಈಗ್ಲೇ ಬೇಡ.”

“ಮತ್ತೆ? ನಿಮ್ಮ ತಲೆ ಮೇಲೆ ಮಲಗಿಸ್ತೀರಾ?”

“ಮಕ್ಕಳಿರೋರಿಗೆ ಮನೆ ಕೊಡಲ್ಲ ಅಂದ ಮಾಲೀಕ. ನಮಗೆ ಮಕ್ಕಳೇ ಇಲ್ಲ ಅಂದ್ಬಿಟ್ಟೆ.”

ಹೆಂಡತಿಯ ಕೈಲಿದ್ದ ಸೋಪಿನ ಪುಡಿ ನೆಲಕ್ಕೆ ಚೆಲ್ಲಿತು.

“ಏನಂದ್ರಿ?”

“ಇನ್ನೆಲ್ಲೂ ಮನೆ ಸಿಗ್ಲಿಲ್ಲ ಕಣೇ.”

“ಇರೋ ಮಗಳನ್ನ ಇಲ್ಲ ಅನ್ನೋಕೆ ಬಾಯಾದ್ರೂ ಹೇಗೆ ಬಂತು?”

“ಸದ್ದಾಗದ ಹಾಗೆ ನೋಡ್ಕೊಂಡ್ರಾಯ್ತು. ಕೆಳಗಿನ ಮನೆಯೋರು ದೂರು ಕೊಟ್ರೆ ಮಾತ್ರ ಕಷ್ಟ.”

“ಮೂರು ವರ್ಷದ ಮಗು ರೀ! ಕಾಲು ಕಟ್ಟಿ ಹಾಕ್ಲಾ?”

ಗಂಡ ಮಷೀನಿಗೆ ಬಟ್ಟೆ ತುಂಬಿ ಹೊರಟ. ಹೆಂಡತಿ ಕಣ್ಣೊರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿದಳು.

ಕನ್ನಡ ಕೇಳಿ ಮಾತಾಡಿಸಬೇಕೆಂದಿದ್ದವಳು ಅರ್ಧ ಮಡಿಸಿದ ದುಪ್ಪಟಿ ಹಿಡಿದು ಹಾಗೇ ನಿಂತಿದ್ದಳು. ಕೆಳಗಿನ ಮನೆಯವಳು ತಾನೇ. ಮಗು ಎಷ್ಟೇ ಕುಣಿಯಲಿ, ತನ್ನ ಕಿವಿಗೆ ಏನೂ ಬೀಳುವುದಿಲ್ಲ ಎಂದು ಅವಳು ನಿರ್ಧರಿಸಿದಳು. ಇದನ್ನು ತನ್ನ ಗಂಡನಿಗೂ ಹೇಳಬೇಕಾಗಿಲ್ಲ.