ನನ್ನ ದನಿಗೆ ಎದ್ದ ಅಲೆ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಇಲ್ಲದ್ದನ್ನೂ ಸೇರಿಸಿ ನನ್ನನ್ನು ಹೊಗಳಿದ ಅತಿಥಿಗಳೇ, ಮನಃಶಾಸ್ತ್ರ ವಿಭಾಗದ ಗೆಳೆಯರೇ, ಊಟದ ವಾಸನೆ ಬರುತ್ತಿದ್ದರೂ ಕದಲದೆ ಕುಳಿತಿರುವ ಸಭಿಕರೇ,

ನಿವೃತ್ತಿಯ ದಿನ ಕೆಲಸದ ಬಗ್ಗೆ ಮಾತಾಡಬೇಕಂತೆ. ನನ್ನ ಕೆಲಸವೇನು? ಜನರ ತಲೆಗೆ ತಂತಿಗಳ ಟೋಪಿ ತೊಡಿಸಿ, ಜೆಲ್ ಹಚ್ಚಿ, ಮಿದುಳಿನ ವಿದ್ಯುತ್ ಅಲೆಗಳನ್ನು ಪರದೆಯ ಮೇಲೆ ಮೂಡಿಸುವುದು. ಮನಸ್ಸಿನಲ್ಲಿರುವುದೆಲ್ಲ ನಮಗೆ ಗೊತ್ತಾಗುತ್ತದೆಂದು ಬಂದವರೆಲ್ಲ ಹೆದರುತ್ತಾರೆ. ಗೊತ್ತಾಗುವುದಿಲ್ಲ. ಗೊತ್ತಾಗುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು!

ನಮ್ಮ ಹಳೆಯ ಟೋಪಿಗಳನ್ನು ಹೊಲಿದವರು ನನ್ನ ಯಜಮಾನರು, ದರ್ಜಿ. ತಲೆ ಬಿಗಿದರೆ ಯಾರು ತಾನೇ ನೆಟ್ಟಗೆ ಯೋಚಿಸುತ್ತಾರೆ ಎನ್ನುತ್ತಾ ಹೊಲಿಗೆ ಸಡಿಲಿಸಿ ಕೊಡುತ್ತಿದ್ದರು. ಒಂದು ದಿನ ಮಿದುಳಿನಲ್ಲಿ ರಕ್ತಸ್ರಾವವಾಗಿ ಅವರ ಮಾತು ನಿಂತಿತು. ಕಣ್ಣು ತೆರೆದೇ ಇರುತ್ತಿತ್ತು, ನೋಟ ಯಾರ ಮೇಲೂ ನಿಲ್ಲುತ್ತಿರಲಿಲ್ಲ. ಅವರಿಗೇನೂ ತಿಳಿಯುತ್ತಿಲ್ಲ ಎಂದರು ವೈದ್ಯರು. ನಾನು ನಂಬಲಿಲ್ಲ ಎಂದರೆ ಸುಳ್ಳಾದೀತು, ಅರ್ಧ ನಂಬಿದೆ.

ಯಜಮಾನರನ್ನು ಇಲ್ಲಿಗೇ ಕರೆತರಲು ಹೇಳಿದವರು ವಿಭಾಗದ ಅಂದಿನ ಮುಖ್ಯಸ್ಥರು. ಇಗೋ, ಮುಂದಿನ ಸಾಲಿನಲ್ಲಿದ್ದಾರೆ. ಟೋಪಿ ತೊಡಿಸಿ ಯಜಮಾನರಿಗೆ ಅವರದೇ ಹೆಸರನ್ನು ಕೇಳಿಸಿದೆವು. ಪರದೆಯ ಮೇಲಿನ ಗೆರೆ ಏಳಲಿಲ್ಲ.

"ಮನೇಲಿ ಏನಂತ ಕರೀತೀರಮ್ಮಾ?" ಎಂದರು ಮುಖ್ಯಸ್ಥರು.

"'ರೀ' ಅಂತೀನಿ ಸರ್, ಇನ್ನೇನಂತೀನಿ?"

ಸರಿ, ಬೇರೆ ಹೆಂಗಸರ ದನಿಯ 'ರೀ'ಗಳ ನಡುವೆ ನನ್ನದನ್ನೂ ಬೆರೆಸಿ ಕೇಳಿಸಿದರು. ಒಂದೇ ಸಲ ಕೇಳಿಸಿದರೆ ಆ ಅಲೆ ಮಿದುಳಿನ ಉಳಿದ ಅಲೆಗಳ ಗದ್ದಲದಲ್ಲಿ ಮುಳುಗಿಹೋಗುತ್ತದೆ; ಮತ್ತೆ ಮತ್ತೆ ಕೇಳಿಸಿ ಸರಾಸರಿ ತೆಗೆಯಬೇಕು. ತೆಗೆದೆವು. ಬೇರೆಯವರ ದನಿಗೆ ಗೆರೆ ಹೆಚ್ಚುಕಡಿಮೆ ಮಲಗಿಯೇ ಇತ್ತು. ನನ್ನ ದನಿಗೆ ಎದ್ದಿತು, ಸಭಿಕರೇ. ಎದ್ದಿತು.

"ನಿಮ್ಮ ದನಿ ಗುರುತು ಹಿಡೀತಿದಾರೆ. ಅದಕ್ಕಿಂತ ಹೆಚ್ಚು ನಾನು ಹೇಳೋಕಾಗಲ್ಲ," ಎಂದರು ಮುಖ್ಯಸ್ಥರು.

ಅಷ್ಟು ಸಾಕಾಯಿತೇ? ಅಂದಿನಿಂದ ದಿನವೂ ಯಜಮಾನರೊಡನೆ ಮಾತಾಡಿದೆ. ಪಕ್ಕದ ಮನೆಯ ಜಗಳ, ನನ್ನ ಮಂಡಿನೋವು, ಏನನ್ನೂ ಬಿಡಲಿಲ್ಲ. ಮೊದಲೆಲ್ಲ ನಾನು ಶುರುಮಾಡಿದರೆ, "ಸಾಕು ಕಣೇ, ಸ್ವಲ್ಪ ಉಸಿರು ತಗೋ," ಎನ್ನುತ್ತಿದ್ದರು. ಅದೊಂದು ಮಾತಿಗೆ ಕಾದೆ. ಬರಲಿಲ್ಲ. ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು.

ಈಗ ಮಿದುಳಿನ ರಕ್ತದ ಹರಿವನ್ನೂ ಅಳೆಯುವ ಯಂತ್ರಗಳು ಬಂದಿವೆ. ಬರಲಿ. ಅಳೆಯುವ ಮಕ್ಕಳೇ, ಮನೆಯವರು ಬಂದು ಕಣ್ಣಲ್ಲೇ ಕೇಳಿದಾಗ, ಗೆರೆಯಲ್ಲಿ ಕಾಣದ್ದನ್ನು ಇದೆ ಎನ್ನಬೇಡಿ. ಇಲ್ಲ ಎಂದೂ ಹೇಳಬೇಡಿ.

ಇನ್ನು ಮನೆಗೆ ಹೋದರೆ ಮಾತಾಡಿಸಲು ಯಾರೂ ಇಲ್ಲ. ಅದಕ್ಕೇ ಮೈಕು ಬಿಡಲು ಮನಸ್ಸು ಬರುತ್ತಿಲ್ಲ. ನಾನು ಮಾತಾಡುತ್ತಿದ್ದರೆ ನೀವು ನಕ್ಕಿರಿ, ಕೆಮ್ಮಿದಿರಿ, ಒಬ್ಬರಂತೂ ಗಡಿಯಾರ ನೋಡಿಕೊಂಡರು. ಕೇಳಿಸಿಕೊಳ್ಳುತ್ತಿದ್ದೀರಿ ಎಂದು ಯಾವ ಪರದೆಯನ್ನೂ ನೋಡದೆ ತಿಳಿಯಿತು. ಹೀಗೆ ತಿಳಿದು ಎಷ್ಟು ಕಾಲವಾಗಿತ್ತು. ನಿಮಗೆಲ್ಲ ಋಣಿ. ನಮಸ್ಕಾರ.