ಟೇಪಿನಡಿಯ ಕೆಂಪು ದೀಪ

ಬಾಡಿಗೆ ಕ್ಯಾಮೆರಾಗಳನ್ನು ಹಿಂದಿರುಗಿಸುವ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಕ್ಯಾಮೆರಾಮನ್ ಮತ್ತು ಅವನ ಅಕ್ಕ ನಿಂತಿದ್ದರು. ಸಿನಿಮಾ ಕ್ಯಾಮೆರಾವನ್ನು ಅವನು ನಿದ್ದೆಹೋದ ಮಗುವಿನಂತೆ ಎತ್ತಿಕೊಂಡಿದ್ದ.

"ಆರು ಗಂಟೆ ಒಂದೇ ಸಮ ಓಡಿಸಿದ್ಯಾ? ಬರೀ ಕಿಟಕಿ ಪರದೆ ಮೇಲೆ ಬಿಸಿಲು ಸರಿಯೋದನ್ನ ಹಿಡಿಯೋಕೆ?" ಅಕ್ಕ ಕೇಳಿದಳು.

"ಹ್ಞೂಂ. ಎಲ್ಲೂ ತುಂಡಾಗಬಾರದು ಅಂತ ಬ್ಯಾಟರಿ ಬಿಟ್ಟು ಕರೆಂಟಿಗೇ ಸಿಕ್ಕಿಸಿ, ನನ್ನ ರೂಮಿನ ಬಾಗಿಲು ಎಳ್ಕೊಂಡು ಹೋದೆ. ಆಮೇಲೆ ಅಪ್ಪ ಒಳಗೆ ಬಂದಿದಾರೆ."

"ಅಪ್ಪನಾ? ಕ್ಯಾಮೆರಾ ಕಂಡ್ರೆ ಮಾರು ದೂರ ಓಡ್ತಾರಲ್ಲೋ."

"ಓಡ್ತಿರುವಾಗ ಉರಿಯೋ ಅದರ ಕೆಂಪು ದೀಪ ಕಿಟಕಿ ಗಾಜಲ್ಲಿ ಕಾಣಬಾರದು ಅಂತ ಕರಿ ಟೇಪು ಅಂಟಿಸಿದ್ದೆ. ಆಫ್ ಆಗಿದೆ ಅಂದ್ಕೊಂಡಿದಾರೆ."

"ಏನ್ ಮಾಡಿದ್ರು?"

"ಪರದೆ ಪಕ್ಕ ಕುರ್ಚಿ ಎಳ್ಕೊಂಡು ಒಂದು ನಿದ್ದೆ ತೆಗೆದ್ರು. ಬಿಸಿಲು ಮೆಲ್ಲಗೆ ಮೊಣಕಾಲಿಂದ ಮುಖದವರೆಗೂ ಹತ್ತಿತು. ಎದ್ದು ಹೋಗುವಾಗ ಕ್ಯಾಮೆರಾ ಹತ್ರ ಬಗ್ಗಿ, 'ನೀನಾದ್ರೂ ಹೇಳು, ಹೊರಗೆ ಹೋದಾಗ ಅವನು ಹೊತ್ತಿಗೆ ಸರಿಯಾಗಿ ಉಣ್ತಾನಾ?' ಅಂದ್ರು."

"ಒಂದೇ ಮನೇಲಿದ್ದೂ ನಿಮ್ಮಿಬ್ಬರಿಗೆ ಮಾತು ನಿಂತು ಎರಡು ವರ್ಷ ಆಯ್ತು."

"ಹ್ಞೂಂ."

"ನೀನೇನು ಹೇಳಿದೆ?"

"ನಾನು ರೆಕಾರ್ಡಿಂಗ್ ನೋಡಿದ್ದೇ ಇವತ್ತು ಬೆಳಿಗ್ಗೆ."

ಅವರ ಸರದಿ ಬಂತು. ಅವನು ಕ್ಯಾಮೆರಾ ಮೇಜಿನ ಮೇಲಿಟ್ಟು, ಉಗುರಿನಿಂದ ಕರಿ ಟೇಪು ಕಿತ್ತು, ಜೇಬಿಗೆ ಹಾಕಿಕೊಂಡ. ಅಕ್ಕ ಅವನ ತೋಳು ಹಿಡಿದು ಬಾಗಿಲ ಕಡೆ ನಡೆದಳು.

"ಬೇಗ ಬಾ. ಊಟದ ಹೊತ್ತಿಗೆ ಮನೇಲಿರೋಣ."